ತೊಂಬತ್ತೊಂಬತ್ತಕ್ಕೆ ನಿಂತಿದೆ

ಸೂಜಕ್ಕ ದಾರವನ್ನು ಹಲ್ಲಿನಿಂದ ಕಡಿದು, ಗಂಡನ ಅಂಗಿಯ ತೋಳಿನ ಗುಂಡಿಯನ್ನು ಒಮ್ಮೆ ಎಳೆದು ನೋಡಿದಳು. ಗಟ್ಟಿಯಾಗಿ ಕೂತಿತ್ತು. ಸೂಜಿಯನ್ನು ತನ್ನ ಕೊರಳಪಟ್ಟಿಗೆ ಚುಚ್ಚಿಕೊಂಡು, ತಣ್ಣಗಾಗಿದ್ದ ಆ ಮಣಿಕಟ್ಟಿನ ಸುತ್ತ ತೋಳನ್ನು ಸರಿಪಡಿಸಿ, ಗುಂಡಿಯನ್ನು ಕಾಜಕ್ಕೆ ಹಾಕಿದಳು.

“ಈಗ್ಯಾಕೆ ಅತ್ತಿಗೆ ಇದೆಲ್ಲ? ಗುಂಡಿ ಯಾರು ನೋಡ್ತಾರೆ?” ಎಂದಳು ನಾದಿನಿ, ಮೂಗು ಒರೆಸಿಕೊಳ್ಳುತ್ತ.

“ನಾನು ನೋಡ್ತೀನಲ್ಲ. ಹರಕು ತೋಳಲ್ಲಿ ಕಳಿಸೋಕಾಗಲ್ಲ.”

ನಾದಿನಿ ಮತ್ತೆ ಅಳತೊಡಗಿದಳು. ತಾಯಿ ಹಾಸಿಗೆ ಹಿಡಿದಿದ್ದ ಅಷ್ಟೂ ವರ್ಷ ಈಕೆ ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಂದು, ಬಾಗಿಲಲ್ಲೇ ನಿಂತು ಹೇಗಿದ್ದೀಯಮ್ಮ ಅಂತ ಕೇಳಿ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಡುತ್ತಿದ್ದಳು. ಇವತ್ತು ಮಾತ್ರ ಬೆಳಗಿನಿಂದ ಜಾಗ ಬಿಟ್ಟು ಕದಲಿರಲಿಲ್ಲ. ಇರಲಿ, ಅಣ್ಣ ಹೋಗಿದ್ದಾನೆ, ಅಳಲಿ ಎಂದುಕೊಂಡಳು ಸೂಜಕ್ಕ.

ಸೂಜಕ್ಕ ಅನ್ನುವುದು ನಾಟಕದವರು ಇಟ್ಟ ಹೆಸರು. ಊರಿನ ನಾಟಕ ಮಂಡಳಿಯಲ್ಲಿ ಅವಳು ಉಡುಪಿನ ಕೋಣೆ ನೋಡಿಕೊಳ್ಳುತ್ತಿದ್ದಳು. ರಂಗದ ಮೇಲೆ ದೀಪ ಆರಿ ಮತ್ತೆ ಹೊತ್ತಿಕೊಳ್ಳುವಷ್ಟರಲ್ಲಿ ರಾಜನನ್ನು ಭಿಕ್ಷುಕನನ್ನಾಗಿ ಮಾಡಿ ಕಳಿಸಬೇಕು. ಬಾಯಲ್ಲಿ ಸೂಜಿ ಕಚ್ಚಿಕೊಂಡು, ಕತ್ತಲಲ್ಲಿ ಕೈಯಂದಾಜಿನಲ್ಲೇ ಕೊಕ್ಕೆ ಹಾಕಿ, ನಟನ ಬೆನ್ನಿಗೊಂದು ಗುದ್ದಿ ‘ಹೋಗೋ’ ಎಂದು ತಳ್ಳುತ್ತಿದ್ದಳು. ಆ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು.

ಗಂಡನಿಗೂ ಅವನ ಅಂಗಡಿಯವರು ಹೆಸರಿಟ್ಟಿದ್ದರು, ಇನ್‌ಸ್ಟಾಲಣ್ಣ ಎಂದು. ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿ ಅದು. ಬಿಡಿಭಾಗ ಜೋಡಿಸುವವನು ಬೇರೆ, ಜೋಡಿಸಿಟ್ಟ ಡಬ್ಬಕ್ಕೆ ಸಾಫ್ಟ್‌ವೇರ್ ಹಾಕಿ ಜೀವ ತುಂಬುವವನು ಇವನು. ನಿನ್ನೆ ಸಂಜೆ ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕುರ್ಚಿಯಲ್ಲಿ ಕೂತವನು ಕೂತಲ್ಲೇ ಹೋಗಿಬಿಟ್ಟಿದ್ದ. ಎದೆಬಡಿತ ನಿಂತಿತು ಎಂದರು ಡಾಕ್ಟರು. ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಕೆಲಸ ಮಾಡುತ್ತ ಮಾಡುತ್ತಲೇ ಹೋದ, ಪುಣ್ಯಾತ್ಮ. ಸೂಜಕ್ಕನಿಗೆ ಆ ಮಾತು ಕೇಳಿದಾಗಲೆಲ್ಲ ಎದೆಯ ಭಾರ ಒಂದು ಚೂರು ಇಳಿದಂತಾಗುತ್ತಿತ್ತು. ಹೌದು, ದುಡಿದೇ ಸತ್ತ. ದಿನಾ ಸಂಜೆ ಫೋನು ಮಾಡಿ, ‘ತೊಂಬತ್ತೊಂಬತ್ತಕ್ಕೆ ನಿಂತಿದೆ ಕಣೇ, ಈಗ ಬಿಟ್ಟು ಬಂದ್ರೆ ಮತ್ತೆ ಮೊದಲಿಂದ’ ಎನ್ನುತ್ತಿದ್ದ. ನಿನ್ನೆಯೂ ಅಂದಿದ್ದ.

ಅಷ್ಟರಲ್ಲಿ ಅಂಗಡಿಯವರು ಬಂದರು. ಮುಂದೆ ದೊಡ್ಡ ಹೂಮಾಲೆ ಹಿಡಿದ ಧಣಿ, ಹಿಂದೆ ಸ್ಕ್ರೂ. ಸ್ಕ್ರೂ ಎಂದರೆ ಜೋಡಣೆಯವನು. ಇನ್‌ಸ್ಟಾಲಣ್ಣ ಮೇಜಿನ ಈಚೆಗೆ ಕೂತರೆ ಇವನು ಆಚೆಗೆ, ಹಾಗೆಯೇ ಇಬ್ಬರೂ ತಲೆ ನರೆಸಿಕೊಂಡಿದ್ದರು. ಅವನ ಜೇಬಲ್ಲಿ ಯಾವಾಗಲೂ ನಾಲ್ಕು ಸ್ಕ್ರೂ ಗಲಗಲ ಎನ್ನುತ್ತಿದ್ದವು. ಇವತ್ತೂ ಎಂದವು. ಅವನು ನಾಚಿಕೊಂಡು ಜೇಬಿನ ಮೇಲೆ ಕೈ ಒತ್ತಿಕೊಂಡ.

ನಾದಿನಿಗೆ ಕೇಳುವವರು ಸಿಕ್ಕರು. “ನಮ್ಮಣ್ಣ ನಿಮ್ಮ ಅಂಗಡಿಗೆ ಜೀವ ತೇಯ್ದುಬಿಟ್ಟ. ಒಂದೊಂದು ಯಂತ್ರದ ಮುಂದೆ ಕಣ್ಣು ಮಿಟುಕಿಸದೆ ಕೂತು ಕೂತು…”

“ಅಯ್ಯೋ ಇಲ್ಲಮ್ಮ, ಅದೆಲ್ಲ ಹಳೇ ಕಾಲ,” ಎಂದ ಸ್ಕ್ರೂ. ಸ್ನೇಹಿತನ ದೊಡ್ಡಸ್ತಿಕೆ ಹೇಳಲು ಒಂದು ಎಳೆ ಸಿಕ್ಕಿತೆಂದು ಅತ್ತು ಬಾಡಿದ್ದ ಅವನ ಮುಖವೂ ಅರಳಿತು. “ಅಣ್ಣಂದು ಏನ್ ತಲೆ ಅಂತೀರಿ! ಮೊದಲು ಒಂದೊಂದಕ್ಕೂ ಡಿಸ್ಕ್ ಹಾಕಿ, ಅದು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಆಮೇಲೆ ಡ್ರೈವರ್ ಅನ್ನೋ ಪ್ರೋಗ್ರಾಂ ಹುಡುಕಿ ಹುಡುಕಿ ತುಂಬಬೇಕಿತ್ತು. ಸದ್ದಿಗೊಂದು, ಚಿತ್ರಕ್ಕೊಂದು, ನೆಟ್ಟಿಗೊಂದು. ಒಂದು ತಪ್ಪಿದ್ರೆ ಯಂತ್ರ ಮೂಕ, ಇನ್ನೊಂದು ತಪ್ಪಿದ್ರೆ ಕುರುಡು. ಅಣ್ಣ ಎಲ್ಲಾನೂ ಹಿಂದಿನ ಕೋಣೆ ಸರ್ವರ್‌ನಲ್ಲಿ ತುಂಬಿಟ್ಟುಬಿಟ್ರು. ನಾನು ಜೋಡಿಸೋದು, ವೈರು ಚುಚ್ಚೋದು, ಗುಂಡಿ ಒತ್ತೋದು, ಅಷ್ಟೇ. ಯಂತ್ರ ತಾನೇ ಎದ್ದು ಸರ್ವರ್‌ಗೆ, ‘ನಂದು ಇಂಥಾ ಬೋರ್ಡು’ ಅಂತ ಹೇಳುತ್ತೆ. ಸರ್ವರ್ರು ಅದಕ್ಕೆ ತಕ್ಕ ಡ್ರೈವರ್ ಕಳಿಸುತ್ತೆ. ಸಾಲಾಗಿ ಎಷ್ಟು ಇಟ್ರೂ ಅಷ್ಟೂ ಒಟ್ಟಿಗೇ. ಮುಗಿದ ಮೇಲೆ ಹಸಿರು ಪರದೆ ತೋರಿಸಿ ತಾನೇ ಆಫ್ ಆಗುತ್ತೆ. ಮಧ್ಯೆ ಒಂದೇ ಒಂದು ಪ್ರಶ್ನೆ ಕೇಳಲ್ಲ ಗೊತ್ತಾ? ಕೇಳೋದಕ್ಕೆಲ್ಲ ಅಣ್ಣ ಮೊದಲೇ ಉತ್ತರ ಬರೆದಿಟ್ಟಿದ್ರು. ನಾವು ಮಧ್ಯಾಹ್ನದ ಟೀ ಕುಡಿಯೋಷ್ಟರಲ್ಲಿ ಆವತ್ತಿನದೆಲ್ಲ ಖಲಾಸ್!”

ಸೂಜಕ್ಕ ಗಂಡನ ಕಾಲಿಗೆ ಕಾಲುಚೀಲ ಏರಿಸುತ್ತಿದ್ದಳು. ಅರ್ಧಕ್ಕೆ ನಿಂತಳು.

“ಯಾವತ್ತಿನದು?”

“ದಿನಾ ಅಕ್ಕ. ದಿನದಿನದ್ದೂ.”

“ಮತ್ತೆ ಸಂಜೆ?”

ಸ್ಕ್ರೂ ಧಣಿಯ ಕಡೆ ನೋಡಿದ. ಧಣಿ ಹೂಮಾಲೆಯ ಎಲೆ ಸರಿಪಡಿಸುತ್ತಿದ್ದ. “ಸಂಜೆ… ಅಣ್ಣ ಅಲ್ಲೇ ಇರ್ತಿದ್ರು,” ಎಂದ ಸ್ಕ್ರೂ. ಕೈ ಸಡಿಲಿ ಜೇಬು ಮತ್ತೆ ಗಲಗಲ ಎಂದಿತು.

* * *

ಮದುವೆಯಾದ ಹೊಸತರಲ್ಲಿ ಒಮ್ಮೆ ಅವಳನ್ನು ಅಂಗಡಿಗೆ ಕರೆದುಕೊಂಡು ಹೋಗಿದ್ದ. ಉದ್ದನೆಯ ಮೇಜು, ಅದರ ಮೇಲೆ ಹೊಟ್ಟೆ ಬಿಚ್ಚಿಕೊಂಡು ಕೂತ ಡಬ್ಬಗಳು, ಬಿಸಿ ಪ್ಲಾಸ್ಟಿಕ್ಕಿನ ವಾಸನೆ. ಒಂದರ ಬಾಯಿಗೆ ಡಿಸ್ಕ್ ತಿನ್ನಿಸಿ, ಅವಳನ್ನು ಪಕ್ಕದ ಸ್ಟೂಲಿನಲ್ಲಿ ಕೂರಿಸಿದ. ನೀಲಿ ಪರದೆ ಬಂತು, ಪ್ರಶ್ನೆಗಳು ಶುರುವಾದವು. ಯಾವ ಭಾಷೆ? ಎಲ್ಲಿ ತುಂಬಲಿ? ಯಾರ ಹೆಸರಿಗೆ? ಈಗ ಗಂಟೆ ಎಷ್ಟು? ಒಪ್ಪಿಗೆಯೇ? ನಿಜವಾಗಿಯೂ ಒಪ್ಪಿಗೆಯೇ?

“ಅಬ್ಬಬ್ಬಾ! ಪೊಲೀಸಿನವರೂ ಇಷ್ಟು ಕೇಳಲ್ಲ ಕಣ್ರೀ.”

“ಅದಕ್ಕೇ ಹೇಳೋದು, ಇದು ಹಾಲು ಕುಡಿಯೋ ಕೂಸು ಇದ್ದ ಹಾಗೆ. ಪಕ್ಕದಿಂದ ಎದ್ದು ಹೋಗೋ ಹಾಗಿಲ್ಲ. ನೋಡ್ತಿರು, ಈಗ ಕೊನೇಲಿ ಒಂದು ಆಟ ಆಡುತ್ತೆ.”

ಕೆಲಸ ನೂರಕ್ಕೆ ಎಷ್ಟಾಯಿತೆಂದು ತೋರಿಸುವ ಪಟ್ಟಿ ನಿಧಾನಕ್ಕೆ ತುಂಬುತ್ತ ಹೋಗಿ ತೊಂಬತ್ತೊಂಬತ್ತಕ್ಕೆ ನಿಂತಿತು. ನಿಂತೇ ಇತ್ತು. ಅವಳು ಉಸಿರು ಬಿಗಿಹಿಡಿದಳು. ಅವನು ಕಣ್ಣು ಪರದೆಯಿಂದ ತೆಗೆಯದೆಯೇ ಅವಳ ಕೈ ಹುಡುಕಿ ಹಿಡಿದುಕೊಂಡ. “ಇಲ್ಲಿ ತಾಳ್ಮೆ ಕೆಟ್ಟು ಆಫ್ ಮಾಡಿದ್ರೆ ಹೋಯ್ತು, ಮತ್ತೆ ಮೊದಲಿಂದ,” ಎಂದು ಪಿಸುಗುಟ್ಟಿದ. ನೂರಾದಾಗ ಅವಳು ಚಪ್ಪಾಳೆ ತಟ್ಟಿಬಿಟ್ಟಿದ್ದಳು. ಮೇಜಿನ ಆಚೆಗಿದ್ದ ಸ್ಕ್ರೂ ಗಾಬರಿಯಾಗಿ ತಿರುಪುಳಿ ಕೆಳಗೆ ಬೀಳಿಸಿದ್ದ.

ಅವತ್ತಿನಿಂದ ಅದು ಮನೆಯ ಮಾತಾಯಿತು. ಹಾಲು ಉಕ್ಕುವಂತಿದ್ದರೆ ತೊಂಬತ್ತೊಂಬತ್ತು. ಮಗಳನ್ನು ಹೆರಲು ತಾನು ನೋವು ತಿನ್ನುವಾಗಲೂ, “ತೊಂಬತ್ತೊಂಬತ್ತಕ್ಕೆ ನಿಂತಿದೆ ಕಣ್ರೀ” ಎಂದು ಹಲ್ಲು ಕಚ್ಚಿಕೊಂಡೇ ಹೇಳಿ ನರ್ಸಮ್ಮನನ್ನು ನಗಿಸಿದ್ದಳು.

* * *

ಅಡುಗೆಮನೆಯ ಮೂಲೆಗೆ ಸ್ಕ್ರೂವನ್ನು ಕರೆದುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿದಳು.

“ನೀನು ಹೇಳಿದ್ದೆಲ್ಲ ಯಾವಾಗಿಂದ? ಸುಳ್ಳು ಹೇಳ್ಬೇಡ. ಹೊರಗೆ ಹೆಣ ಇದೆ.”

“ಬಿಡಿ ಅಕ್ಕ, ಈಗ್ಯಾಕೆ ಅದೆಲ್ಲ…”

“ಯಾವಾಗಿಂದ?”

ಸ್ಕ್ರೂ ನೆಲ ನೋಡಿದ. “ಅಂಗಡಿ ಮುಂದೆ ದೊಡ್ಡ ಚರಂಡಿ ಅಗೆದಿದ್ರಲ್ಲ, ಆ ವರ್ಷ. ಗಿರಾಕಿಗಳು ಹಲಗೆ ಮೇಲೆ ಕಾಲಿಟ್ಟು ಬರ್ತಿದ್ರು.”

ಸೂಜಕ್ಕನಿಗೆ ಆ ಹಲಗೆ ಚೆನ್ನಾಗಿ ಗೊತ್ತು. ಉಡುಪಿನ ಗಂಟು ತಲೆಯ ಮೇಲೆ ಹೊತ್ತು ಅದರ ಮೇಲೆಯೇ ನಡೆದು ಮಂಡಳಿಗೆ ಹೋಗುತ್ತಿದ್ದಳು. ಒಮ್ಮೆ ರಾಣಿಯ ಲಂಗ ಚರಂಡಿಗೆ ಬಿದ್ದು ದೊಡ್ಡ ರಾದ್ಧಾಂತವಾಗಿತ್ತು. ಅಂದರೆ ಆಗಿನ್ನೂ ಅವಳು ಕೆಲಸ ಬಿಟ್ಟಿರಲಿಲ್ಲ. ಅತ್ತೆ ಇನ್ನೂ ಬಚ್ಚಲಲ್ಲಿ ಜಾರಿರಲಿಲ್ಲ. ಅತ್ತೆ ಬಿದ್ದದ್ದು ಅದರ ಮರುವರ್ಷ.

“ಸಂಜೆ ಹೊತ್ತು ಯಾವಳಾದ್ರೂ ಬರ್ತಿದ್ಲಾ?”

“ಛೆ ಛೆ ಛೆ! ಏನಕ್ಕ ನೀವು! ಅಣ್ಣನ್ನ ನೋಡಿದ್ರೆ ಹಾಗನ್ಸುತ್ತಾ?”

“ಮತ್ತೆ ಏನ್ ಮಾಡ್ತಿದ್ರು ಅಲ್ಲಿ?”

“ಏನೂ ಇಲ್ಲ.” ಸ್ಕ್ರೂವಿನ ದನಿ ತಗ್ಗಿತು. “ಸುಮ್ನೆ ಕೂತಿರ್ತಿದ್ರು. ಹಿಂದಿನ ಕೋಣೇಲಿ ಕುರ್ಚಿ ಹಾಕ್ಕೊಂಡು. ನಾವು ಷಟರ್ ಅರ್ಧ ಎಳೆದು ಹೋಗ್ತಿದ್ವಿ, ಉಳಿದರ್ಧ ಅಣ್ಣ ಎಳೀತಿದ್ರು. ಏನಣ್ಣ ಮನೆಗೆ ಹೋಗಲ್ವಾ ಅಂದ್ರೆ, ಇನ್ನೊಂಚೂರು ಕೂತು ಹೋಗ್ತೀನಿ ಅನ್ನೋರು. ನಿಮಗೆ ಗೊತ್ತಿದೆ ಅಂದ್ಕೊಂಡಿದ್ವಿ ಅಕ್ಕ, ತಾಯಾಣೆ.”

ಗೊತ್ತಿರಲಿಲ್ಲ. ಮೂರು ಲೋಕಕ್ಕೂ ಗೊತ್ತಿದ್ದದ್ದು ಅವಳೊಬ್ಬಳಿಗೇ ಗೊತ್ತಿರಲಿಲ್ಲ. ಇನ್ನೊಬ್ಬಳಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಹೋಗಿ ಜುಟ್ಟು ಹಿಡಿದು ಕೇಳಬಹುದಿತ್ತು. ಖಾಲಿ ಕುರ್ಚಿಯ ಜುಟ್ಟು ಎಲ್ಲಿ ಹಿಡಿಯುತ್ತಾಳೆ?

ಹೊರಗೆ ಬಂದಾಗ ನಾದಿನಿ, “ಕಾಲುಚೀಲ ಒಂದೇ ಕಾಲಿಗೆ ಹಾಕಿದ್ದೀರಿ ಅತ್ತಿಗೆ,” ಎಂದಳು.

“ಇನ್ನೊಂದು ನೀನು ಹಾಕು,” ಎಂದಳು ಸೂಜಕ್ಕ.

* * *

ಎಷ್ಟೋ ವರ್ಷದ ಹಿಂದಿನ ಆ ದಿನ ಅವಳು ಗಂಡನಿಗೆ ಹೇಳಬೇಕಾದ ಮಾತನ್ನು ಮಂಡಳಿಯಿಂದ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಅತ್ತೆಗೆ ಸೊಂಟ ಮುರಿದು ಒಂದು ತಿಂಗಳಾಗಿತ್ತು. ಹಗಲು ಹೇಗೋ ನಡೆಯುತ್ತಿತ್ತು. ಸಂಜೆಯದೇ ತಾಪತ್ರಯ. ಮಂಡಳಿಯ ಗಂಟೆ ಹೊಡೆಯುವ ಹೊತ್ತಿಗೇ ಅತ್ತೆಯ ನರಳಾಟ ಜೋರಾಗುತ್ತಿತ್ತು. ಮಗ್ಗುಲು ಬದಲಿಸಬೇಕು, ಒದ್ದೆ ಬಟ್ಟೆ ತೆಗೆಯಬೇಕು, ಗಂಜಿ ಕುಡಿಸಬೇಕು.

“ರೀ, ನೀವು ಸಂಜೆ ಸ್ವಲ್ಪ ಬೇಗ ಬಂದ್ರೆ ಸಾಕು. ನಾನು ಎಲ್ಲಾ ಮಾಡಿಟ್ಟು ಹೋಗಿರ್ತೀನಿ. ನೀವು ಪಕ್ಕದಲ್ಲಿದ್ರೆ ಆಯ್ತು. ನಾಟಕ ಮುಗಿದ ತಕ್ಷಣ ಓಡಿ ಬರ್ತೀನಿ.”

ಅವನು ತಟ್ಟೆಯ ಮೇಲೆ ಬಗ್ಗಿಕೊಂಡೇ ಇದ್ದ. “ನನಗೆ ಆಸೆ ಇಲ್ವಾ? ಆದ್ರೆ ನೀನೇ ನೋಡಿದ್ದೀಯಲ್ಲ, ಆ ಯಂತ್ರ ಕೈ ಬಿಡಲ್ಲ. ಸಂಜೆ ಹೊತ್ತಿಗೇ ಎಲ್ಲಾ ತೊಂಬತ್ತೊಂಬತ್ತಕ್ಕೆ ಬಂದು ನಿಲ್ಲೋದು.”

“ಬೇರೆ ಯಾರೂ ನೋಡ್ಕೊಳಲ್ವಾ?”

“ಯಾರಿದ್ದಾರೆ ಹೇಳು? ಸ್ಕ್ರೂ ಕೈಗೆ ಕೊಟ್ರೆ ಎಲ್ಲಾ ಎಕ್ಕುಟ್ಟೋಗುತ್ತೆ.”

ಅವಳು ಮುಂದೆ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದನೋ. ಮಾರನೆಯ ವಾರ ಉಡುಪಿನ ಕೋಣೆಯ ಬೀಗದ ಕೈ ಮಂಡಳಿಗೆ ಕೊಟ್ಟು ಬಂದಳು. ಅವರು ಹರಿದ ಹಳೇ ಪರದೆಯ ಕೆಂಪು ಮಕಮಲ್ಲಿನ ಒಂದು ತುಂಡನ್ನು ನೆನಪಿಗೆಂದು ಕೊಟ್ಟರು. ಅದರಲ್ಲಿ ಒಂದು ದಿಂಬು ಹೊಲಿದು ಅತ್ತೆಯ ಕೋಣೆಯ ಸ್ಟೂಲಿನ ಮೇಲೆ ಹಾಕಿಕೊಂಡಳು, ಸಂಜೆ ಕೂರುವುದು ಅಲ್ಲೇ ತಾನೆ ಎಂದು. ಕೆಲವೇ ದಿನಗಳಲ್ಲಿ ಅದೂ ಕಾಣೆಯಾಯಿತು. ಮನೆಯೆಲ್ಲ ಜಾಲಾಡಿದಳು. ಆವತ್ತು ನಾದಿನಿ ಬಂದು ಹೋಗಿದ್ದಳು. ಬಾಯಿ ಬಿಟ್ಟು ಹೇಳದಿದ್ದರೂ ಅವಳ ಮೇಲೇ ಗುಮಾನಿ ಇಟ್ಟುಕೊಂಡಿದ್ದಳು. ಅಷ್ಟೂ ವರ್ಷದ ಕಿತ್ತಳೆ ಹಣ್ಣು ಅವಳಿಗೆ ಹುಳಿಯೆನಿಸಿದ್ದಕ್ಕೆ ಅದೂ ಒಂದು ಕಾರಣ.

* * *

ಧಣಿಗೆ ತನ್ನ ಅಂಗಡಿಯ ಮುಂದೆ ಗಾಡಿ ಒಂದು ಗಳಿಗೆ ನಿಲ್ಲಲೇಬೇಕು ಎಂದು ಹಟ. “ಇಡೀ ಜನ್ಮ ಇಲ್ಲೇ ಕಳೆದ ಮನುಷ್ಯ. ಒಂದು ಸಲ ಬಾಗಿಲು ನೋಡಿಕೊಂಡು ಹೋಗಲಿ.” ನಿಂತಿತು. ಜನ ಇಳಿದರು. ಸೂಜಕ್ಕನೂ ಇಳಿದಳು. ಗಾಡಿಯ ಹತ್ತಿರ ನಿಲ್ಲುತ್ತಾಳೆ ಎಂದುಕೊಂಡರೆ, ಸೀದಾ ಅಂಗಡಿಯ ಒಳಗೆ ನಡೆದಳು. ಮಗಳು ಹಿಂದೆಯೇ ಓಡಿದಳು.

ಅಂಗಡಿ ಮುಚ್ಚಿರಲಿಲ್ಲ. ಉದ್ದನೆಯ ಮೇಜಿನ ಮೇಲೆ ಸಾಲಾಗಿ ಯಂತ್ರಗಳು. ಒಂದರ ಮುಂದೆಯೂ ಜನವಿಲ್ಲ, ಒಂದು ಕುರ್ಚಿಯೂ ಇಲ್ಲ. ಪರದೆಗಳ ಮೇಲೆ ಪಟ್ಟಿಗಳು ತಮ್ಮ ಪಾಡಿಗೆ ತಾವು ತುಂಬುತ್ತಿದ್ದವು. ಧಣಿ ಮುಜುಗರದಿಂದ ಹಿಂದೆ ಬಂದು, “ಅರ್ಜೆಂಟ್ ಆರ್ಡರ್ ಇತ್ತಮ್ಮ, ಬೆಳಿಗ್ಗೆ ಗುಂಡಿ ಒತ್ತಿ ಬಂದುಬಿಟ್ವಿ,” ಎಂದ. ಆಮೇಲೆ ಏನೋ ಹೊಳೆದವನಂತೆ, “ಅವನ ಕೈ ಇನ್ನೂ ಕೆಲಸ ಮಾಡ್ತಿದೆ ನೋಡಿ,” ಎಂದು ಕಣ್ಣೊರೆಸಿಕೊಂಡ.

ಅವಳು ನೋಡಿದಳು. ಎಂಬತ್ತು ಆಯಿತು, ತೊಂಬತ್ತು ಆಯಿತು. ತೊಂಬತ್ತೊಂಬತ್ತಕ್ಕೆ ಬಂದಾಗ ಅವಳಿಗೇ ಗೊತ್ತಿಲ್ಲದೆ ಉಸಿರು ಬಿಗಿಯಾಯಿತು. ನಿಲ್ಲಲಿಲ್ಲ. ಕಣ್ಣು ಪಿಳುಕಿಸುವಷ್ಟರಲ್ಲಿ ನೂರಾಗಿ, ಪರದೆ ಹಸಿರಾಗಿ, ಟಪ್ಪೆಂದು ಆರಿತು. ಪಕ್ಕದ್ದೂ ಆರಿತು. ಅದರ ಪಕ್ಕದ್ದೂ.

ಯಂತ್ರಗಳು ಯಾರನ್ನೂ ಏನೂ ಕೇಳಲಿಲ್ಲ. ಕೇಳುವುದಕ್ಕೆಲ್ಲ ಅವನು ಮೊದಲೇ ಉತ್ತರ ಬರೆದಿಟ್ಟಿದ್ದ. ತನಗೂ ಹಾಗೆಯೇ ಬರೆದಿಟ್ಟಿದ್ದ ಎಂದುಕೊಂಡಾಗ ಸೂಜಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಹಿಂದಿನ ಕೋಣೆಯ ಬಾಗಿಲು ತಳ್ಳಿದಳು. ಸಣ್ಣ ಕೋಣೆ. ಮೂಲೆಯಲ್ಲಿ ಗುಂಯ್‌ಗುಡುವ ಸರ್ವರ್ ಡಬ್ಬ. ಒಂದು ಕಿಟಕಿ, ಅದರಾಚೆ ಪಕ್ಕದ ಮನೆಯ ಗೋಡೆ. ನೋಡುವುದಕ್ಕೆ ಏನೇನೂ ಇಲ್ಲ. ಕಿಟಕಿಯ ಕಡೆ ತಿರುಗಿದ ಒಂದು ಕುರ್ಚಿ. ಕುರ್ಚಿಯ ಕೆಳಗೆ ಒಂದು ಜೊತೆ ಮನೆಯೊಳಗೆ ಮೆಟ್ಟುವ ಮೆದು ಚಪ್ಪಲಿ, ಹಿಮ್ಮಡಿ ಸವೆದದ್ದು. ಕುರ್ಚಿಯ ಮೇಲೆ ಕೆಂಪು ಮಕಮಲ್ಲಿನ ದಿಂಬು. ನಡುವೆ ಬಣ್ಣ ಹೋಗಿ, ಅವನು ಕೂತ ಜಾಗ ತಗ್ಗಾಗಿತ್ತು.

“ಓ,” ಎಂದಳು ಸೂಜಕ್ಕ. “ಇಲ್ಲಿದ್ಯಾ?”

ದಿಂಬನ್ನು ಎತ್ತಿಕೊಂಡು ಕೊಡವಿದಳು. ತನ್ನ ಹೊಲಿಗೆಯನ್ನು ಬೆರಳಲ್ಲಿ ತಡವಿದಳು. ಒಂದೆಳೆಯೂ ಬಿಚ್ಚಿರಲಿಲ್ಲ. ಹಿಂದೆ ಮಗಳು ಬಾಗಿಲಲ್ಲಿ ನಿಂತಿದ್ದಳು. ಆ ಕೋಣೆಯನ್ನು ಅವಳು ಸುತ್ತಮುತ್ತ ನೋಡಲಿಲ್ಲ. ಹೊಸ ಜಾಗಕ್ಕೆ ಬಂದವರು ನೋಡುವ ಹಾಗೆ ನೋಡಲೇ ಇಲ್ಲ. ಸೂಜಕ್ಕನ ಕಣ್ಣಿಗೆ ಅದು ಬಿತ್ತು.

“ನಿನಗೆ ಗೊತ್ತಿತ್ತು.”

ಮಗಳು ಬಾಗಿಲ ಚಿಲಕ ಹಿಡಿದುಕೊಂಡಳು.

“ದಿನಾ ಸಂಜೆ ನಿನ್ನ ಕೈಲಿ ಊಟದ ಡಬ್ಬಿ ಕಳಿಸ್ತಿದ್ದೆ. ಅಪ್ಪ ಎದ್ದು ಬರೋಕಾಗಲ್ಲ, ಹಸ್ಕೊಂಡು ಇರ್ತಾರೆ, ಹೋಗಿ ಕೊಟ್ಟು ಬಾ ಪುಟ್ಟಿ ಅಂತ. ನೀನು ಬಂದಾಗ ಇಲ್ಲೇ ಕೂತಿರ್ತಿದ್ರಾ?”

“ಹೂಂ.”

“ಹೀಗೇ?”

“ಹೂಂ ಅಮ್ಮ. ಅಮ್ಮಂಗೆ ಹೇಳ್ಬೇಡ ಅಂದಿದ್ರು. ನಾನು ಚಿಕ್ಕೋಳು.”

“ಆಮೇಲೆ ದೊಡ್ಡೋಳಾದ್ಯಲ್ಲ?”

ಮಗಳು ಒಂದು ಹೆಜ್ಜೆ ಒಳಗೆ ಬಂದಳು. “ಅಪ್ಪಂಗೆ ಅಜ್ಜಿ ಕೋಣೆಗೆ ಹೋಗೋಕೆ ಆಗ್ತಿರಲಿಲ್ಲ ಅಮ್ಮ. ಆ ವಾಸನೆ, ಆ ನರಳಾಟ. ಹೆತ್ತ ತಾಯಿ ಅಲ್ವಾ, ನೋಡೋಕೆ ಆಗ್ತಿರಲಿಲ್ಲ. ನನ್ನ ಹತ್ರ ಒಂದ್ಸಲ ಅತ್ತಿದ್ರು. ನನ್ನ ಕೈಲಿ ಆಗಲ್ಲ ಪುಟ್ಟಿ ಅಂತ.”

“ನನ್ನ ಕೈಲಿ ಆಗ್ತಿತ್ತಾ?”

ಕೋಣೆಯಲ್ಲಿ ಸರ್ವರ್‌ನ ಫ್ಯಾನು ತಿರುಗುತ್ತಲೇ ಇತ್ತು.

“ನನಗೆ ವಾಸನೆ ಬರ್ತಿರಲಿಲ್ವಾ? ನನ್ನ ಮೂಗೇನು ಮರದ್ದಾ? ಅವರು ನನಗೆ ಆಗಲ್ಲ ಅಂತ ಒಂದು ಮಾತು ಹೇಳಿದ್ದಿದ್ರೆ, ಇಬ್ರೂ ಸೇರಿ ಅಳಬಹುದಿತ್ತು. ಒಂದಿನ ಅವರು, ಒಂದಿನ ನಾನು ಅಂತ ಹಂಚ್ಕೋಬಹುದಿತ್ತು. ಕೆಲಸ ಅಂದ್ರು. ನಾನು ಅವರ ಕೆಲಸಕ್ಕೆ ನನ್ನ ಕೆಲಸ ಬಿಟ್ಟೆ. ಅವರು ಇಲ್ಲಿ ನನ್ನ ದಿಂಬಿನ ಮೇಲೆ ಕೂತು ಗೋಡೆ ನೋಡ್ತಿದ್ರು!”

“ಅಮ್ಮ, ಹೊರಗೆ ಕೇಳ್ಸುತ್ತೆ…”

“ಕೇಳಲಿ. ಅಜ್ಜಿ ಹೋದ ಮೇಲೆ? ಆಮೇಲೆ ಯಾವ ವಾಸನೆ ಇತ್ತು ಮನೇಲಿ? ಆಮೇಲೆ ಇದ್ದೋಳು ನಾನೊಬ್ಳೇ ತಾನೆ? ನಿನ್ನೇನೂ ಫೋನ್ ಮಾಡಿ ತೊಂಬತ್ತೊಂಬತ್ತು ಅಂದ್ರಲ್ಲ, ಅದ್ಯಾಕೆ?”

ಇದೊಂದಕ್ಕೆ ಯಾರೂ ಉತ್ತರ ಬರೆದಿಟ್ಟಿರಲಿಲ್ಲ. ಸೂಜಕ್ಕ ದಿಂಬನ್ನು ಕಂಕುಳಲ್ಲಿ ಅವುಚಿಕೊಂಡು ಹೊರಗೆ ಬಂದಳು. ಮೇಜಿನ ಮೇಲಿನ ಯಂತ್ರಗಳೆಲ್ಲ ಅಷ್ಟರಲ್ಲಿ ಆರಿದ್ದವು.

* * *

ವಿದ್ಯುತ್ ಚಿತಾಗಾರದ ಹಜಾರದಲ್ಲಿ ನಾದಿನಿ ಅವಳ ಕಂಕುಳನ್ನೇ ನೋಡುತ್ತಿದ್ದಳು. “ಅಣ್ಣ ಅಂಗಡೀಲಿ ಕೂರ್ತಿದ್ದ ದಿಂಬಂತೆ ಅದು. ತಲೆ ಕೆಳಗೆ ಇಡಿ ಅತ್ತಿಗೆ. ಇಷ್ಟದ್ದು ಜೊತೇಲೇ ಹೋಗಲಿ.”

“ಇದು ನಂದು.”

“ಒಂದು ದಿಂಬಿಗೆ…”

“ನಂದು ಅಂದ್ನಲ್ಲ.” ಆಮೇಲೆ, ಅಷ್ಟು ವರ್ಷ ಮನಸ್ಸಿನಲ್ಲೇ ಕಳ್ಳಿ ಎಂದುಕೊಂಡವಳ ಮುಖ ನೋಡಿ, “ನಿನ್ನ ಮೇಲೆ ಕೋಪ ಇಲ್ಲ ಕಣೇ. ನಿನ್ನ ಮೇಲೆ ಇನ್ಮೇಲೆ ಯಾವ ಕೋಪಾನೂ ಇಲ್ಲ,” ಎಂದಳು. ನಾದಿನಿಗೆ ತಲೆಬುಡ ತಿಳಿಯಲಿಲ್ಲ. ದುಃಖಕ್ಕೆ ಏನೋ ಆಡುತ್ತಿದ್ದಾಳೆ ಎಂದುಕೊಂಡು ಇನ್ನಷ್ಟು ಅತ್ತಳು.

ಕಡೆಯ ಸಲ ನೋಡಿಕೊಳ್ಳಿ ಎಂದರು. ಸೂಜಕ್ಕ ಹತ್ತಿರ ಹೋದಳು. ಮುಖ ಶಾಂತವಾಗಿತ್ತು, ಯಾರಿಗೂ ಏನೂ ಬಾಕಿ ಉಳಿಸದವನ ಮುಖದಂತೆ. ಅದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಬಗ್ಗಿ, ಬೆಳಿಗ್ಗೆ ತಾನೇ ಹೊಲಿದ ತೋಳಿನ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು. ಬರಲಿಲ್ಲ. ಜಗ್ಗಿದಳು. ಹಾಳಾದ್ದು, ಅಷ್ಟು ಗಟ್ಟಿಯಾಗಿ ಹೊಲಿದಿದ್ದಳು. ಕೈ ಹಿಡಿದುಕೊಂಡಿದ್ದಾಳೆ ಎಂದುಕೊಂಡು ಹಿಂದಿದ್ದವರು ಗೊಳೋ ಎಂದರು. ಸ್ಕ್ರೂ ಮುಂದೆ ಬಂದು ಮೆಲ್ಲಗೆ ಭುಜ ಹಿಡಿದು ಅವಳನ್ನು ಹಿಂದಕ್ಕೆ ಕರೆದುಕೊಂಡ.

ಕಬ್ಬಿಣದ ಬಾಗಿಲು ಎತ್ತಿ, ಹಲಗೆಯನ್ನು ಒಳಗೆ ದೂಡಿ, ಬಾಗಿಲು ಇಳಿಸಿದರು. ಅಲ್ಲಿನ ಕೆಲಸಗಾರ ಗೋಡೆಯ ಮೇಲಿನ ಗುಂಡಿ ಒತ್ತಿ, ಕೈ ಒರೆಸಿಕೊಂಡು, ಬೆಂಚಿನ ಮೇಲೆ ಕೂತ ಸೂಜಕ್ಕನ ಹತ್ತಿರ ಬಂದ. ಒಳ್ಳೆಯ ಮನುಷ್ಯ, ಸಮಾಧಾನದ ದನಿ.

“ನೀವು ಮನೆಗೆ ಹೊರಡಿ ತಾಯಿ. ಇಲ್ಲಿ ಕೂತು ಕಾಯೋದೇನೂ ಇಲ್ಲ. ಇನ್ನು ಅದು ತಾನಾಗೇ ಆಗುತ್ತೆ, ತಾನಾಗೇ ಆರುತ್ತೆ. ಯಾರೂ ಪಕ್ಕದಲ್ಲಿ ಇರಬೇಕಾಗಿಲ್ಲ. ನಾಳೆ ಬಂದು ಬೂದಿ ತಗೊಂಡು ಹೋದ್ರಾಯ್ತು.”

ಸೂಜಕ್ಕ ನಕ್ಕುಬಿಟ್ಟಳು. ಹಜಾರವೆಲ್ಲ ಕೇಳುವಂತೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೆಲಸಗಾರ ಹೆದರಿ ಹಿಂದೆ ಸರಿದ. ಮಗಳು ಓಡಿ ಬಂದು ನೀರು ಕುಡಿಸಲು ನೋಡಿದಳು. ನಾದಿನಿ ಬಾಯಿಗೆ ಬಟ್ಟೆ ಒತ್ತಿಕೊಂಡಳು. ನಗು ಎಲ್ಲಿ ಅಳುವಾಯಿತೋ ನೋಡುತ್ತಿದ್ದವರಿಗೆ ಗೊತ್ತಾಗಲಿಲ್ಲ. ಆ ನಗು ಯಾಕೆಂದು ಸ್ಕ್ರೂಗೆ ತಿಳಿದಿತ್ತು. ಅವನು ತಲೆ ತಗ್ಗಿಸಿ ನಿಂತಿದ್ದ.

ಗಾಡಿಗಳು ಹೊರಡುವ ಗಡಿಬಿಡಿ. ಅವಳು ಆ ಗಾಡಿಯಲ್ಲಿ ಕೂತಿದ್ದಾಳೆ ಎಂದು ಈ ಗಾಡಿಯವರು, ಈ ಗಾಡಿಯಲ್ಲಿ ಎಂದು ಆ ಗಾಡಿಯವರು. ಸೂಜಕ್ಕ ಪಕ್ಕದ ಗೇಟಿನಿಂದ ಹೊರಬಿದ್ದು, ದಿಂಬು ಅವುಚಿಕೊಂಡು ನಡೆಯತೊಡಗಿದಳು.

ಕಾಲುಗಳಿಗೆ ದಾರಿ ನೆನಪಿತ್ತು. ಚರಂಡಿ ಮುಚ್ಚಿ ಯಾವ ಕಾಲವಾಯಿತೋ, ಅದರ ಮೇಲೆ ಈಗ ಅಂಗಡಿ ಸಾಲು. ನಾಟಕದ ಮನೆ ಈಗ ಹಾಸಿಗೆ ಮಾರುವ ಮಳಿಗೆ. ಗಾಜಿನ ಬಾಗಿಲು, ಒಳಗೆ ಬೆಳಕಿನ ಕೆಳಗೆ ದಪ್ಪ ದಪ್ಪ ಹಾಸಿಗೆಗಳು. ಆದರೆ ಮೆಟ್ಟಿಲು ಹಳೆಯವೇ. ನಟರು ಬೀಡಿ ಸೇದುತ್ತ ಕೂರುತ್ತಿದ್ದ ಅದೇ ಅಗಲದ ಕಲ್ಲಿನ ಮೆಟ್ಟಿಲು. ಸಂಜೆ ಇಳಿಯುತ್ತಿತ್ತು. ಮೊದಲ ಗಂಟೆ ಹೊಡೆಯುತ್ತಿದ್ದ ಹೊತ್ತು.

ಮೆಟ್ಟಿಲ ಮೇಲೆ ದಿಂಬು ಹಾಕಿ, ಅವನು ತಗ್ಗು ಮಾಡಿದ್ದ ಬದಿಯನ್ನು ಕೆಳಗೆ ಮಾಡಿ, ಕೂತಳು.

ಫೋನು ಬಡಿದುಕೊಂಡಿತು. ಬಡಿದುಕೊಂಡು ನಿಂತಿತು. ಮತ್ತೆ ಶುರುವಾಯಿತು.

“ಅಮ್ಮ! ಎಲ್ಲಿದ್ದೀಯಾ?” ಎಂದಳು ಮಗಳು. “ಮನೆ ತುಂಬ ಜನ ಕಾಯ್ತಿದ್ದಾರೆ. ಎಲ್ಲರೂ ಕೇಳ್ತಿದ್ದಾರೆ. ಏನಂತ ಹೇಳ್ಲಿ? ಯಾವಾಗ ಬರ್ತೀಯಾ?”

ಸೂಜಕ್ಕ ಗಾಜಿನಾಚೆ ನೋಡಿದಳು. ಉಡುಪಿನ ಕೋಣೆ ಇದ್ದ ಮೂಲೆಯಲ್ಲಿ ಒಂದು ದೊಡ್ಡ ಮಂಚ ಹಾಕಿದ್ದರು.

“ತೊಂಬತ್ತೊಂಬತ್ತಕ್ಕೆ ನಿಂತಿದೆ ಪುಟ್ಟಿ,” ಎಂದಳು. “ಈಗ ಬಿಟ್ಟು ಬಂದ್ರೆ ಮತ್ತೆ ಮೊದಲಿಂದ. ನೀವೆಲ್ಲ ಊಟ ಮಾಡಿ.”

ಸೂಜಕ್ಕ ಫೋನನ್ನು ಮೆಟ್ಟಿಲ ಮೇಲೆ ಬೋರಲು ಹಾಕಿ, ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಜೋಡಿಸಿಟ್ಟು, ಕಾಲು ನೀಳಕ್ಕೆ ಚಾಚಿಕೊಂಡಳು. ಬೆನ್ನ ಹಿಂದೆ ಹಾಸಿಗೆ ಅಂಗಡಿಯವನು ಒಂದೊಂದಾಗಿ ದೀಪ ಆರಿಸತೊಡಗಿದ್ದ.